ಜೊಂಡಿನ ಬುಡದ ಕಪ್ಪು ಕೆಸರು

ಬೈರಮಂಗಲ ಕೆರೆಯ ಕೆಳಗಿರುವ ನಮ್ಮ ಹತ್ತು ಗುಂಟೆ ಜಮೀನಿಗೆ ಒದಗುವುದು ವೃಷಭಾವತಿ ನದಿಯ ನೀರು. ಬೆಂಗಳೂರಿನ ಚರಂಡಿ ನೀರಿನೊಡನೆ ಕೈಗಾರಿಕಾ ಪ್ರದೇಶಗಳ ತ್ಯಾಜ್ಯವನ್ನೂ ಹೊತ್ತು ಬರುವ ಆ ನದಿಯಲ್ಲಿ ಸತು, ಕ್ರೋಮಿಯಂ, ಸೀಸದಂತಹ ಲೋಹಗಳಿರುತ್ತವೆಂದು ತಿಳಿದಿದ್ದರಿಂದ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸಿ ನಿವೃತ್ತನಾದ ಮೇಲೆ ಜೊಂಡು ನೆಟ್ಟು ಆ ನೀರನ್ನು ಶೋಧಿಸಲು ಕೈಹಾಕಿದೆ.

ಆರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಅರವತ್ತು ಸೆಂ.ಮೀ. ಆಳದ ಗುಂಡಿ ತೋಡಿಸಿ, ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, 20 ಮಿ.ಮೀ. ಜಲ್ಲಿ ತುಂಬಿಸಿದೆ. ನಡುವೆ ಕೊಟ್ಟಿಗೆ ಗೊಬ್ಬರ ಮತ್ತು ಮರದ ಹೊಟ್ಟಿನ ಒಂದು ಪದರವನ್ನೂ ಇಟ್ಟೆ. ಗುಂಡಿಯ ಗಾತ್ರ 7.2 ಘನ ಮೀಟರ್ ಆದರೂ ಜಲ್ಲಿಯ ಸಂದುಗಳಲ್ಲಿ ನೀರು ನಿಲ್ಲುವುದು ಅದರ ಸುಮಾರು ಶೇ. 40 ಮಾತ್ರ, ಮೂರು ದಿನ ನಿಲ್ಲಬೇಕೆಂದರೆ ದಿನಕ್ಕೆ ಒಂದು ಸಾವಿರ ಲೀಟರಿಗಿಂತ ಹೆಚ್ಚು ಬಿಡುವಂತಿಲ್ಲ. ಮೊದಲು ತೊಟ್ಟಿಯಲ್ಲಿ ಹೂಳು ಇಳಿಸಿಯೇ ನೀರು ಬಿಡಬೇಕು, ಇಲ್ಲವಾದರೆ ಜಲ್ಲಿ ಕಟ್ಟಿಕೊಳ್ಳುತ್ತದೆ. ಕೆರೆಯಂಚಿನಿಂದ ತಂದ ಜೊಂಡಿನ ಗೆಡ್ಡೆಗಳನ್ನು ಅಡಿಗೊಂದರಂತೆ ನೆಟ್ಟು, ಒಂದು ಬದಿಗೆ ಲಾವಂಚವನ್ನೂ ಹಾಕಿದೆ.

ಗಿಡಗಳೇ ಲೋಹವನ್ನು ಹೀರಿ ಎಲೆಗಳಲ್ಲಿ ತುಂಬಿಕೊಳ್ಳುತ್ತವೆಂದು ನಾನೂ ಮೊದಲು ಭಾವಿಸಿದ್ದೆ. ಮೂರು ತಿಂಗಳ ನಂತರ ಒಂದು ಜೊಂಡನ್ನು ಕಿತ್ತು ನೋಡಿದಾಗ ಬೇರಿನ ಮೇಲೆಲ್ಲ ಕಿತ್ತಳೆ ಬಣ್ಣದ ತುಕ್ಕಿನಂಥ ಲೇಪವಿತ್ತು. ಅದರ ಸುತ್ತಲಿನ ಕೆಸರು ಕಾಡಿಗೆಯಷ್ಟು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಬೇರಿನಿಂದ ಸೋರುವ ಆಮ್ಲಜನಕದಿಂದ ಕಬ್ಬಿಣವು ಆಕ್ಸೈಡಾಗಿ ಬೇರಿಗೆ ಅಂಟಿಕೊಂಡು ಇತರ ಲೋಹಗಳನ್ನೂ ಹಿಡಿಯುತ್ತದೆ. ಅದರಾಚೆ, ಗಾಳಿಯಿಲ್ಲದ ಕೆಸರಿನಲ್ಲಿ ಗೊಬ್ಬರವನ್ನುಂಡು ಬದುಕುವ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಸಲ್ಫೈಡಾಗಿಸುತ್ತವೆ. ಸತು, ಸೀಸಗಳು ಅದರೊಡನೆ ಸೇರಿ ಕರಗದ ರೂಪದಲ್ಲಿ ಕೂರುತ್ತವೆ. ವಿಷಕಾರಿಯಾದ ಆರು ವೇಲೆನ್ಸಿಯ ಕ್ರೋಮಿಯಂ ಅಲ್ಲಿಯೇ ಅಷ್ಟು ವಿಷವಲ್ಲದ ಮೂರು ವೇಲೆನ್ಸಿಯ ರೂಪಕ್ಕೆ ಇಳಿಯುತ್ತದೆ. ಎಲೆಗೆ ಏರುವುದು ಅಲ್ಪ ಪಾಲು. ಸಲ್ಫೈಡಿನ ಆ ವಾಸನೆಗೆ ಮನೆಯವರೆಲ್ಲ ಮೂಗು ಮುಚ್ಚಿಕೊಂಡರೂ ನನಗೆ ಅದು ಶುಭಸೂಚನೆಯೇ ಆಗಿತ್ತು.

ಇದನ್ನು ನಾನು ಸರಿಯಾಗಿ ಮನಗಂಡದ್ದು ನನ್ನದೇ ತಪ್ಪಿನಿಂದ. ಏಪ್ರಿಲ್‌ನಲ್ಲಿ ಮದುವೆಯೊಂದಕ್ಕೆಂದು ಹತ್ತು ದಿನ ಊರು ಬಿಡುವಾಗ ಜೊಂಡಿನ ಮಡಿಯ ನೀರಿನ ಮಟ್ಟ ಹಿಡಿದಿಡುವ ಹೊರಗೊಳವೆಯ ಮೊಣಕೈಯನ್ನು (ಬಾಗಿದ ತುದಿಯನ್ನು) ಕೆಳಗೆ ತಿರುಗಿಸಿದ್ದನ್ನು ಮರೆತಿದ್ದೆ, ಮಡಿಯೆಲ್ಲ ಒಣಗಿ ಬಿರುಕು ಬಿಟ್ಟಿತ್ತು. ಮತ್ತೆ ನೀರು ಬಿಟ್ಟಾಗ ಹೊರಬಂದ ಮೊದಲ ನೀರಿನಲ್ಲಿ, ಒಳಗೆ ಹೋದದ್ದಕ್ಕಿಂತ ಹೆಚ್ಚು ಸತು ಇರುವುದಾಗಿ ಪ್ರಯೋಗಾಲಯದ ವರದಿ ಬಂತು. ಗಾಳಿ ತಾಗಿದ ಸಲ್ಫೈಡು ಮತ್ತೆ ಕರಗುವ ಸಲ್ಫೇಟಾಗಿ ತೊಳೆದು ಹೊರಟಿತ್ತು. ಅಂದಿನಿಂದ ಆ ಮೊಣಕೈಗೆ ತಂತಿ ಬಿಗಿದಿದ್ದೇನೆ. ಪರೀಕ್ಷೆಗೆ ಕಳಿಸುವ ಬಾಟಲಿಗೆ ಸ್ಥಳದಲ್ಲೇ ನೈಟ್ರಿಕ್ ಆಮ್ಲ ಹಾಕುವುದನ್ನೂ ತಪ್ಪಿಸುವುದಿಲ್ಲ, ಏಕೆಂದರೆ ಹಾಕದಿದ್ದರೆ ಲೋಹ ಬಾಟಲಿಯ ಗೋಡೆಗೇ ಅಂಟಿಕೊಂಡು ನೀರು ಶುದ್ಧವಾದಂತೆ ತೋರುತ್ತದೆ.

ಹೊರಬರುವ ನೀರನ್ನು ನಾನು ಚೆಂಡುಹೂವಿಗೆ ಮಾತ್ರ ಬಿಡುತ್ತೇನೆ, ಸೊಪ್ಪು ತರಕಾರಿಗಲ್ಲ. ಹಳ್ಳ ಕೆರೆಗಳಿಗೆ ಬಿಡುವ ತ್ಯಾಜ್ಯಜಲದಲ್ಲಿ ಲೀಟರಿಗೆ 0.1 ಮಿ.ಗ್ರಾಂ ಸೀಸಕ್ಕೆ ಅವಕಾಶವಿದ್ದರೆ ಕುಡಿಯುವ ನೀರಿಗೆ ಮಿತಿ 0.01, ಆ ಹತ್ತು ಪಟ್ಟಿನ ಅಂತರ ನನ್ನ ಕಣ್ಣ ಮುಂದಿರುತ್ತದೆ.

ವರ್ಷಕ್ಕೆರಡು ಬಾರಿ ಜೊಂಡನ್ನು ಕೊಯ್ದು ಒಣಗಿಸಿ ಗೋಣಿಚೀಲದಲ್ಲಿ ತುಂಬಿಡುತ್ತೇನೆ. ಅದನ್ನು ಸುಡುವುದಿಲ್ಲ, ಗೊಬ್ಬರದ ಗುಂಡಿಗೂ ಹಾಕುವುದಿಲ್ಲ. ಪಕ್ಕದ ಹೊಲದವರು ಕೊಯ್ಲಿನ ದಿನ ತಪ್ಪದೆ ಬಂದು, “ಮೇಷ್ಟ್ರೇ, ಇಷ್ಟೊಂದು ಹಸಿರು ಸುಮ್ನೆ ಒಣಗಿಸ್ತೀರಲ್ಲ, ನಮ್ಮ ಹಸುಗಾದ್ರೂ ಹಾಕಬಾರ್ದಾ?” ಎಂದು ಕೇಳುತ್ತಾರೆ. ನಾನು ಪ್ರತಿ ಸಲವೂ ಅವರನ್ನು ಮಡಿಯ ಅಂಚಿಗೆ ಕರೆದೊಯ್ದು, ಬುಡದ ಕೆಸರನ್ನು ಕೋಲಿನಿಂದ ಕೆದಕಿ ತೋರಿಸುತ್ತೇನೆ.