ಪಿಕಪ್ ಬಾಗಿಲಿಗೆ ಸ್ಪೀಕರ್ ಕೂರಿಸುವುದು ಹೇಗೆ?

ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಕಡೆಗಳಿಂದ ಅಡಿಕೆ, ಬಾಳೆಗೊನೆ ಹೇರಿಕೊಂಡು ಪುತ್ತೂರು, ಮಂಗಳೂರಿಗೆ ಹೋಗಿಬರುವ ಪಿಕಪ್‌ಗಳಲ್ಲಿ ಹೊಸದಾಗಿ ಹಾಕಿಸಿದ ಸ್ಪೀಕರ್ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೊರಗುಟ್ಟತೊಡಗುವುದನ್ನು ಮತ್ತೆ ಮತ್ತೆ ಕಾಣುತ್ತೇವೆ. ಮಾಲೀಕರು ಸ್ಪೀಕರನ್ನು ದೂರುತ್ತಾರೆ. ಬಾಗಿಲು ಬಿಚ್ಚಿ ನೋಡಿದರೆ ಕಂಪಿಸಿ ಸದ್ದು ಹೊರಡಿಸುವ ಕಾಗದದ ಕೋನು ನೆನೆದು ಉಬ್ಬಿರುತ್ತದೆ, ಚೌಕಟ್ಟಿಗೆ ತುಕ್ಕು ಹಿಡಿದಿರುತ್ತದೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಕಾಸರಗೋಡಿನಲ್ಲಿ ನೀರನ್ನು ನಿಭಾಯಿಸುವುದೇ ಈ ಕೆಲಸದ ಮುಖ್ಯ ಭಾಗ.

ಆದ್ದರಿಂದ ಪಾಲಿಪ್ರೊಪಿಲೀನ್ ಕೋನು ಮತ್ತು ರಬ್ಬರ್ ಅಂಚು ಇರುವ, 4 ಓಮ್‌ನ (ಓಮ್ ಎಂದರೆ ವಿದ್ಯುತ್ ತಡೆಯ ಅಳತೆ) ಸ್ಪೀಕರನ್ನೇ ಕೊಳ್ಳಿರಿ. ಕೊಳ್ಳುವ ಮೊದಲು ಬಾಗಿಲಿನ ತಗಡಿನಲ್ಲಿ ಸ್ಪೀಕರಿಗಿರುವ ರಂಧ್ರದ ಅಗಲದ ಜೊತೆಗೆ ಆಳವನ್ನೂ ಅಳೆಯಬೇಕು. ಗಾಜನ್ನು ಪೂರ್ತಿ ಇಳಿಸಿ, ಸ್ಪೀಕರ್ ಕೂರುವ ತಗಡಿನಿಂದ ಗಾಜಿನವರೆಗಿನ ದೂರ ನೋಡಿರಿ. ಪೆಟ್ಟಿಗೆಯ ಮೇಲೆ ಬರೆದಿರುವ ಆಳಕ್ಕಿಂತ ಅದು ಕನಿಷ್ಠ 5 ಮಿ.ಮೀ. ಹೆಚ್ಚಿರಬೇಕು. ಸಾಲದಿದ್ದರೆ ಪ್ಲಾಸ್ಟಿಕ್ ರಿಂಗ್ ಇಟ್ಟು ಸ್ಪೀಕರನ್ನು ಮುಂದಕ್ಕೆ ತರಬಹುದು. ಎಂ.ಡಿ.ಎಫ್. (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯ ರಿಂಗ್ ಅಗ್ಗಕ್ಕೆ ಸಿಗುತ್ತದೆ, ಆದರೆ ನೀರು ತಾಗಿದರೆ ಉಬ್ಬಿ ಪುಡಿಯಾಗುತ್ತದೆ, ಅದು ಬೇಡ.

ಬ್ಯಾಟರಿಯ ನೆಗೆಟಿವ್ ವಯರು ಕಳಚಿ, ಒಳಹಿಡಿಯ ಮತ್ತು ಗಾಜು ತಿರುಗಿಸುವ ಹಿಡಿಕೆಯ ಸ್ಕ್ರೂ ಬಿಚ್ಚಿ, ಕ್ಲಿಪ್‌ಗಳನ್ನು ಎಬ್ಬಿಸಿ ಬಾಗಿಲಿನ ಒಳಬದಿಯ ಪ್ಯಾನೆಲ್ ತೆಗೆಯಿರಿ.

ಈಗ ಎದುರಿಗೆ ಕಾಣುವ ಪ್ಲಾಸ್ಟಿಕ್ ಹಾಳೆಯಲ್ಲಿಯೇ ಹೆಚ್ಚಿನವರು ಎಡವುವುದು. ಮಳೆನೀರು ಗಾಜಿನ ಮೇಲೆ ಹರಿದು, ರಬ್ಬರ್ ಬೀಡಿಂಗ್ ದಾಟಿ ಬಾಗಿಲಿನ ಒಳಗೆ ಇಳಿದೇ ಇಳಿಯುತ್ತದೆ. ಬಾಗಿಲಿನ ತಳದ ರಂಧ್ರಗಳಿಂದ ಹೊರಹೋಗುವಂತೆಯೇ ಅದನ್ನು ರೂಪಿಸಲಾಗಿದೆ. ಆ ನೀರು ಪ್ಯಾನೆಲ್ಲಿಗೂ ಕಾಲಬುಡಕ್ಕೂ ಬಾರದಂತೆ ತಡೆಯುವುದು ಈ ಹಾಳೆ. ಅವಸರದ ಕೆಲಸದಲ್ಲಿ ಇದನ್ನು ಬ್ಲೇಡಿನಿಂದ ಹರಿದು ಎಸೆಯುತ್ತಾರೆ. ಹಾಗೆ ಮಾಡಬಾರದು. ಕೂದಲು ಒಣಗಿಸುವ ಡ್ರೈಯರ್‌ನಿಂದ ಅಂಚಿನ ಕಪ್ಪು ಅಂಟನ್ನು ಸ್ವಲ್ಪ ಬಿಸಿಮಾಡಿ, ಒಂದು ಮೂಲೆಯಿಂದ ನಿಧಾನವಾಗಿ ಎಬ್ಬಿಸಿದರೆ ಹಾಳೆ ಹರಿಯದೆ ಬರುತ್ತದೆ. ಅಂಟಿಗೆ ಧೂಳು ತಾಗಿಸದಿದ್ದರೆ ಅದೇ ಅಂಟು ಮತ್ತೆ ಹಿಡಿಯುತ್ತದೆ. ಹಾಳೆಯಲ್ಲಿ ರಂಧ್ರ ಇಲ್ಲದಿದ್ದರೆ ತಗಡಿನ ರಂಧ್ರದಷ್ಟೇ ಕತ್ತರಿಸಿ, ಕತ್ತರಿಸಿದ ಅಂಚು ಸ್ಪೀಕರಿನ ಅಂಚಿನ ಫೋಮ್ ಪಟ್ಟಿಯ ಅಡಿಯಲ್ಲಿ ಅದುಮಿಕೊಳ್ಳುವಂತೆ ಮಾಡಬೇಕು. ಕೆಳಗಿನ ಅಂಚು ತಗಡಿನ ಸೀಳಿನೊಳಕ್ಕೆ ತೂರಿಕೊಂಡಿದ್ದರೆ ಮರಳಿ ಹಾಗೆಯೇ ತೂರಿಸಬೇಕು. ಹೊರಗೆ ಬಿಟ್ಟರೆ ಹಾಳೆಯ ಮೇಲೆ ಇಳಿದ ನೀರೆಲ್ಲ ವಾಹನದ ಒಳಗೇ ಬರುತ್ತದೆ.

ಸ್ಪೀಕರಿನ ಬೆನ್ನಿಗೂ ರಕ್ಷಣೆ ಬೇಕು. ಅಂಗಡಿಯಲ್ಲಿ ಸಿಗುವ ಫೋಮ್ ಬಟ್ಟಲನ್ನು ಇಡಿಯಾಗಿ ಹಾಕಿದರೆ ಮಂದ್ರಸ್ವರ ಕುಗ್ಗುತ್ತದೆ, ಒಳಸೇರಿದ ನೀರೂ ಅಲ್ಲೇ ನಿಲ್ಲುತ್ತದೆ. ಅದರ ಕೆಳಗಿನ ಅರ್ಧವನ್ನು ಕತ್ತರಿಸಿ ತೆಗೆದು, ಮೇಲಿನ ಅರ್ಧವನ್ನು ಮ್ಯಾಗ್ನೆಟ್‌ನ ಮೇಲೆ ಸೂರಿನಂತೆ ನಿಲ್ಲಿಸುವುದು ಸರಿಯಾದ ಕ್ರಮ. ತಗಡಿನ ಕಂಪನ ತಡೆಯಲು ಬ್ಯೂಟೈಲ್ ಎಂಬ ರಬ್ಬರಿನ ಹಾಳೆ ಅಂಟಿಸಬಹುದು. ಮಾಡಿನ ಸೋರಿಕೆಗೆ ಬಳಸುವ ಡಾಮರಿನ ಹಾಳೆ ಮಾತ್ರ ಖಂಡಿತ ಕೂಡದು. ಬೇಸಗೆಯ ಬಿಸಿಲಿಗೆ ಅದು ಜಾರಿ ತಳದ ರಂಧ್ರಗಳನ್ನು ಮುಚ್ಚುತ್ತದೆ, ಆಮೇಲೆ ಬಾಗಿಲಿನಲ್ಲಿ ನೀರು ನಿಂತು ತಗಡೇ ತುಕ್ಕು ಹಿಡಿಯುತ್ತದೆ.

ಹೊಸ ವಯರನ್ನು ಬಾಗಿಲಿಗೂ ಅದನ್ನು ಕೀಲಿಸಿರುವ ವಾಹನದ ಕಂಬಕ್ಕೂ ನಡುವಿನ ರಬ್ಬರ್ ಕೊಳವೆಯ ಮೂಲಕವೇ ಎಳೆಯಿರಿ. ಸ್ಪೀಕರಿಗೆ ಜೋಡಿಸುವಲ್ಲಿ ವಯರು ಒಮ್ಮೆ ಕೆಳಗೆ ಬಾಗಿ ಮೇಲೇರಬೇಕು. ಆಗ ಹನಿ ಆ ಬಾಗಿನಿಂದಲೇ ತೊಟ್ಟಿಕ್ಕುತ್ತದೆ. ತಿರುಚಿ ಟೇಪು ಸುತ್ತುವುದಕ್ಕಿಂತ ಕಪ್ಲರ್ (ವಯರು ಜೋಡಿಸುವ ಪ್ಲಗ್) ಹಾಕುವುದು ಮೇಲು. ಪ್ಲಸ್ ತುದಿ ಯಾವುದೆಂದು ಗೊತ್ತಾಗದಿದ್ದರೆ 1.5 ವೋಲ್ಟ್ ಸೆಲ್ಲನ್ನು ಕ್ಷಣಕಾಲ ತಾಗಿಸಿರಿ: ಕೋನು ಹೊರಕ್ಕೆ ಚಿಮ್ಮಿದರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಸ್ಪೀಕರಿನ ಪ್ಲಸ್. ಎರಡರಲ್ಲಿ ಒಂದು ಬಾಗಿಲಿನದು ಅದಲುಬದಲಾದರೆ ಮಂದ್ರಸ್ವರ ಒಂದನ್ನೊಂದು ಅಳಿಸಿಹಾಕುತ್ತದೆ.

ಒಳಗಿನ ಗಾಜಿಗೆ ತಾಗದಷ್ಟು ಗಿಡ್ಡ ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಯಿರಿ. ಹಾಳೆ ಅಂಟಿಸುವ ಮೊದಲು ಗಾಜು ಏರಿಸಿ, ಹೊರಗಿನಿಂದ ಅದರ ಬುಡಕ್ಕೆ ಒಂದು ಚೆಂಬು ನೀರು ಹೊಯ್ದು, ಪಕ್ಕದ ತೆರವಿನಿಂದ ಟಾರ್ಚ್ ಹಿಡಿದು ನೋಡಿರಿ. ನೀರು ಮ್ಯಾಗ್ನೆಟ್‌ಗೆ ತಾಗದೆ ತಳದಿಂದ ಹೊರಬಂದರೆ ಹಾಳೆ ಅಂಟಿಸಿ ಪ್ಯಾನೆಲ್ ಕೂರಿಸಬಹುದು. ಮುರಿದ ಕ್ಲಿಪ್‌ಗಳ ಜಾಗಕ್ಕೆ ಹೊಸದನ್ನೇ ಹಾಕಬೇಕು, ಇಲ್ಲವಾದರೆ ಧ್ವನಿ ಏರಿಸಿದಾಗಲೆಲ್ಲ ಪ್ಯಾನೆಲ್ ಅದುರುತ್ತದೆ.