ಸಲಿಂಗಿ ಪಾತ್ರ, ಕಾಲೇಜು ಕಾಮಿಡಿ ಮತ್ತು ಒಂದು ರಿಯಾಕ್ಷನ್ ಶಾಟ್: ನನ್ನ ಅನುಭವ

ಕಾಲೇಜು ಕಾಮಿಡಿ ಬರೆಯುವವರಿಗೆಲ್ಲ ಈ ಸೀನ್ ಗೊತ್ತು. ಕೈ ಬಳುಕಿಸುತ್ತಾ ಒಬ್ಬ ಬರುತ್ತಾನೆ, ಹೀರೊ ಹೌಹಾರಿ ಹಿಂದೆ ಸರಿಯುತ್ತಾನೆ, ಹಿಂದಿನಿಂದ ‘ಟೊಂಯ್’ ಅಂತ ಸದ್ದು. ಇದ್ಯಾವುದೂ ಇಲ್ಲದೆ ಸಲಿಂಗಿ ಹುಡುಗನ ಪಾತ್ರದಿಂದ ಜನರನ್ನು ನಗಿಸುತ್ತೇನೆ ಅಂದಾಗ ಯಾರೂ ನಂಬಲಿಲ್ಲ. ಈಗ ಸಿನಿಮಾ ಮುಗಿದಿದೆ, ಜನ ನಕ್ಕಿದ್ದಾರೆ.

ಮೊದಲ ಡ್ರಾಫ್ಟ್‌ನಲ್ಲಿ ಅವನು ಅಪ್ಪಟ ಒಳ್ಳೆಯವನು. ಎಲ್ಲರ ಕಷ್ಟ ಕೇಳುತ್ತಾನೆ, ಹೀರೊಗೆ ಬುದ್ಧಿ ಹೇಳುತ್ತಾನೆ. ರೀಡಿಂಗ್‌ನಲ್ಲಿ ಒಬ್ಬರೂ ನಗಲಿಲ್ಲ. ಮುಂದಿನದರಲ್ಲಿ ಅವನ ಗುಟ್ಟನ್ನು ಮಧ್ಯಂತರಕ್ಕೆ ಇಟ್ಟೆವು. ಗುಟ್ಟು ಬಯಲಾದ ಮೇಲೆ ಅವನಿಗೆ ಕಥೆಯಲ್ಲಿ ಕೆಲಸವೇ ಉಳಿಯಲಿಲ್ಲ. ಆಗಲೇ ನಿರ್ಮಾಪಕರೊಬ್ಬರು ಕೈಬಿಟ್ಟರು. ಬಜೆಟ್‌ನ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೋಯಿತು. ಹಾಡು ಕೈಬಿಟ್ಟು, ಶೂಟಿಂಗ್ ದಿನ ಕಡಿಮೆ ಮಾಡಿ ಹೇಗೋ ಹೊಂದಿಸಿದೆವು.

ಕೊನೆಗೆ ಅವನನ್ನು ಪ್ರಾಕ್ಸಿ ಹಾಕುವವನನ್ನಾಗಿ, ಅಂದರೆ ಕ್ಲಾಸಿಗೆ ಬಾರದವರ ಹಾಜರಿ ಕೂಗುವವನನ್ನಾಗಿ ಮಾಡಿದೆ. ಹತ್ತು ಜನರ ದನಿಯಲ್ಲಿ ‘ಯೆಸ್ ಸರ್’ ಅನ್ನಬಲ್ಲ, ಅದಕ್ಕೆ ದುಡ್ಡೂ ತಗೋತಾನೆ, ಜಿಪುಣ ಬೇರೆ. ಬ್ಯಾಡ್ಮಿಂಟನ್ ಆಡುವ ಹುಡುಗನೊಬ್ಬನ ಮೇಲೆ ಅವನಿಗೆ ಮನಸ್ಸು. ಇದು ಮೊದಲ ಹತ್ತು ನಿಮಿಷದಲ್ಲೇ ಎಲ್ಲರಿಗೂ ಗೊತ್ತು, ಹಾಸ್ಟೆಲ್‌ಗೂ ಗೊತ್ತು. ಒಂದು ದಿನ ಆ ಹುಡುಗನ ಹೆಸರಿಗೆ ಪ್ರಾಕ್ಸಿ ಕೂಗುತ್ತಾನೆ. ಅದೇ ಗಳಿಗೆಗೆ ಹುಡುಗ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಹತ್ತು ದನಿಯವನಿಗೆ ಸ್ವಂತ ದನಿಯೇ ಹೊರಡುವುದಿಲ್ಲ.

ಸೀನ್ ಚೆನ್ನಾಗಿತ್ತು. ಆದರೂ ಮೊದಲ ಪ್ರಿವ್ಯೂನಲ್ಲಿ ನಗು ತಪ್ಪು ಜಾಗದಲ್ಲಿ ಬಂತು. ಸುಮಾರು ಅರವತ್ತು ಜನ ಇದ್ದರು. ಹಾಲ್‌ನ ಸದ್ದನ್ನು ರೆಕಾರ್ಡ್ ಮಾಡಿ ಎಡಿಟಿಂಗ್ ಟೈಮ್‌ಲೈನ್‌ನಲ್ಲಿ ಸೀನ್ ಕೆಳಗೆ ಇಟ್ಟು ಕೇಳಿದೆ. ಪ್ರಾಕ್ಸಿ ಕೂಗಿದ್ದಕ್ಕೆ ಸಣ್ಣ ನಗು. ಪಕ್ಕದ ಬೆಂಚಿನ ಹೀರೊ ಮುಖ ಸಿಂಡರಿಸಿದ ಕ್ಲೋಸಪ್‌ಗೆ ದೊಡ್ಡ ನಗು. ಎರಡು ಸೆಕೆಂಡೂ ಇಲ್ಲದ ರಿಯಾಕ್ಷನ್ ಶಾಟ್ ಅದು! ಸ್ಕ್ರಿಪ್ಟ್‌ನಲ್ಲಿ ನಾನು ಬರೆದೇ ಇರಲಿಲ್ಲ. ಅಭ್ಯಾಸಬಲದಿಂದ ಸೆಟ್‌ನಲ್ಲಿ ತೆಗೆದಿದ್ದು, ಅಭ್ಯಾಸಬಲದಿಂದಲೇ ಎಡಿಟ್‌ಗೆ ಸೇರಿತ್ತು.

ಈ ಅಭ್ಯಾಸ ಹಳೆಯದು. ಸಿನಿಮಾದಲ್ಲಿ ಏನೇನು ತೋರಿಸಬಾರದು ಅನ್ನೋ ನಿಯಮಾವಳಿ, ಹಾಲಿವುಡ್‌ನಲ್ಲಿ 1934ರಿಂದ ಕಟ್ಟುನಿಟ್ಟಾಗಿ ಜಾರಿಯಾದ ಹೇಸ್ ಕೋಡ್‌ನಿಂದಾಗಿ ಸಲಿಂಗಿ ಅಂತ ಬಾಯಿಬಿಟ್ಟು ಹೇಳುವಂತಿರಲಿಲ್ಲ. ನಡಿಗೆ, ಕೈಸನ್ನೆಯಲ್ಲೇ ಸುಳಿವು ಕೊಡುತ್ತಿದ್ದರು. 1968ರಲ್ಲಿ ಕೋಡ್ ಹೋಯಿತು, ಕೈಸನ್ನೆ ಉಳಿಯಿತು. 1984ರ ಕಾಲೇಜು ಕಾಮಿಡಿ ‘ರಿವೆಂಜ್ ಆಫ್ ದ ನರ್ಡ್ಸ್’ ನೋಡಿ. ಅದರ ಸಲಿಂಗಿ ಪಾತ್ರ ಲಾಮಾರ್‌ನ ಬಳುಕುವ ಮಣಿಕಟ್ಟಿಗೆ ಹೊಂದುವಂಥ ಜಾವೆಲಿನ್ ಅನ್ನೇ ಗೆಳೆಯರು ಮಾಡಿಕೊಡುತ್ತಾರೆ, ಅವನು ಗೆಲ್ಲುತ್ತಾನೆ. ನಗು ಅವನ ಮಣಿಕಟ್ಟಿನ ಮೇಲೇ ನಿಂತಿದೆ, ಅದು ನನಗೆ ಇಷ್ಟವಿಲ್ಲ. ಆದರೆ ಗೆಳೆಯರು ಅವನ ಜೊತೆ ನಿಲ್ಲುತ್ತಾರಲ್ಲ, ಅದನ್ನು ನಾನು ಕಲಿತೆ.

ಹಾಗಾಗಿ ಹೀರೊ ಸಿಂಡರಿಸಿದ ಕ್ಲೋಸಪ್‌ಗಳನ್ನೆಲ್ಲ ಕಿತ್ತುಹಾಕಿದೆ. ಆ ಜಾಗಕ್ಕೆ ಹಾಜರಿ ಪುಸ್ತಕದಿಂದ ತಲೆ ಎತ್ತುವ ಲೆಕ್ಚರರ್, ದುಡ್ಡು ವಾಪಸ್ ಕೇಳುವ ಹಿಂದಿನ ಬೆಂಚು. ಇದಕ್ಕೆ ರೀಶೂಟ್ ಬೇಕಾಯಿತು. ಕಾಲ್‌ಶೀಟ್, ಲೈಟ್ ಬಾಡಿಗೆ ಸೇರಿ ಎಡಿಟಿಂಗ್, ಡಬ್ಬಿಂಗ್‌ಗೆ ಅಂತ ಎತ್ತಿಟ್ಟಿದ್ದ ಹಣದ ಕಾಲು ಭಾಗ ಅಲ್ಲೇ ಖಾಲಿ. ಎಡಿಟರ್ ಬೈದರು. ನನಗೆ ಬೇಜಾರಿಲ್ಲ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಅದೇ ಸೀನ್ ಅನ್ನು ‘ಟೊಂಯ್’ ಹಾಕಿ ಒಂದು ಗುಂಪಿಗೆ, ಹಾಕದೆ ಇನ್ನೊಂದು ಗುಂಪಿಗೆ ತೋರಿಸಿದೆ. ಸದ್ದು ಇದ್ದಾಗ ನಗು ಥಟ್ಟನೆ ಬಂದು ನಿಂತಿತು. ಇಲ್ಲದಾಗ ತಡವಾಗಿ ಬಂತು, ಆದರೆ ಜಾಸ್ತಿ ಹೊತ್ತು ಇತ್ತು. ಹುಡುಗ ಬಾಗಿಲಿಗೆ ಬಂದ ಮೇಲಿನ ಮೌನ ಎಷ್ಟು ಫ್ರೇಮ್ ಇರಬೇಕು ಅನ್ನೋ ಲೆಕ್ಕ ಮಾತ್ರ ಹೇಳಲ್ಲ. ಅದು ನನ್ನ ಹತ್ತಿರವೇ ಇರಲಿ.

ಕೊನೆಯ ಪ್ರಿವ್ಯೂನಲ್ಲಿ ಆ ನಗುವಿಗೆ ಮುಂದಿನ ಎರಡು ಡೈಲಾಗ್ ಕೇಳಿಸಲೇ ಇಲ್ಲ. ಗೇ ಗೆಳೆಯರೊಬ್ಬರು ಹೊರಗೆ ಬಂದು, ‘ಅವನು ದುಡ್ಡು ವಾಪಸ್ ಕೊಟ್ನಾ ಇಲ್ವಾ?’ ಅಂತ ಕೇಳಿದರು. ಬೇರೇನೂ ಕೇಳಲಿಲ್ಲ. ಈಗ ಡಬ್ಬಿಂಗ್ ಹಕ್ಕು ಕೇಳಿ ಬರುವವರಿಗೆ ನನ್ನದು ಒಂದೇ ಷರತ್ತು: ಅವನ ದನಿಯನ್ನು ತೆಳುವಾಗಿ ಎಳೆಯುವ ಕಲಾವಿದರು ಬೇಡ, ಹೊಸ ಸೌಂಡ್ ಎಫೆಕ್ಟೂ ಬೇಡ. ಇದನ್ನು ಒಪ್ಪಂದದಲ್ಲೇ ಬರೆಸುತ್ತಿದ್ದೇನೆ.