ನಿಂತು ಕೆಡುವ ಕಾರು

ಕಳೆದ ಮಳೆಗಾಲದಲ್ಲಿ ಪಕ್ಕದ ಮನೆ ಹುಡುಗ ಬೆಂಗಳೂರಿನಿಂದ ಬಂದವನೇ ನಮ್ಮ ಗೇಟಿಗೆ ಬಂದ. "ಟೀಚರೇ, ಅಪ್ಪನ ಕಾರು ಸ್ಟಾರ್ಟೇ ಆಗ್ತಿಲ್ಲ. ಎಂಟು ಸಾವಿರ ಕಿಲೋಮೀಟರೂ ಓಡಿಲ್ಲ ನೋಡಿ, ಹೊಸದರ ಹಾಗೇ ಇದೆ" ಎಂದ. ಓಡದೇ ಇದ್ದದ್ದು ಅವನಿಗೆ ಕಾರಿನ ಗುಣವಾಗಿ ಕಾಣುತ್ತಿತ್ತು. ನನಗೆ ಅದೇ ರೋಗ ಅಂತ ಅನಿಸಿತು. ಅವನ ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿ ಮೂರು ತಿಂಗಳು ಗಾಡಿ ಮುಟ್ಟಿರಲಿಲ್ಲ. ಅದರ ಮೇಲೆ ನಮ್ಮ ಸಾಗರದ ಮಳೆ. ನಿಂತ ಕಾರಿಗೆ ಇನ್ನೇನು ಬೇಕು?

ನಾನು ಕಾರು ಕಲಿತದ್ದು ನಲವತ್ತು ದಾಟಿದ ಮೇಲೆ, 1995ರಲ್ಲಿ, ಸೆಕೆಂಡ್ ಹ್ಯಾಂಡ್ ಮಾರುತಿ 800ರಲ್ಲಿ. 796 ಸಿಸಿ, ಮೂರು ಸಿಲಿಂಡರ್. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆಯದೆ ಏಳುತ್ತಲೇ ಇರಲಿಲ್ಲ. ಅದರಲ್ಲೇ ದಿನಾ ಹಳ್ಳಿಯ ಹೈಸ್ಕೂಲಿಗೆ ಹೋಗಿ ಬಂದೆ. 2009ರಲ್ಲಿ ಅದನ್ನು ಕೊಟ್ಟು ವ್ಯಾಗನ್‌ಆರ್ ತಂದೆವು. 2013ರಲ್ಲಿ ರಿಟೈರ್ ಆಗುವ ತನಕ ಎರಡು ಗಾಡಿಗಳೂ ನನಗೆ ಹೇಳಿಕೊಳ್ಳುವಂಥ ತೊಂದರೆ ಕೊಟ್ಟಿದ್ದಿಲ್ಲ. ರಿಟೈರ್ ಆದೆ ನೋಡಿ, ಗಾಡಿ ಪೋರ್ಟಿಕೋದಲ್ಲಿ ನಿಲ್ಲಲು ಶುರುವಾಯಿತು, ಒಂದೊಂದೇ ಕಾಯಿಲೆಯೂ ಶುರುವಾಯಿತು. ನನ್ನ ಮಂಡಿಯ ಕಥೆಯೂ ಅದೇ ಅನ್ನಿ.

ಮೊದಲು ಹೋಗುವುದು ಬ್ಯಾಟರಿ. ಕಾರು ಆಫ್ ಮಾಡಿದರೂ ಗಡಿಯಾರ, ರಿಮೋಟ್ ಲಾಕು, ಅಲಾರಂ ಇವೆಲ್ಲ ಹನಿಹನಿಯಾಗಿ ಕರೆಂಟು ಕುಡಿಯುತ್ತಲೇ ಇರುತ್ತವೆ. ಹೊಸ ಕಾರಿನಲ್ಲಿ ಇಂಥ ಬಾಯಿಗಳು ಇನ್ನೂ ಜಾಸ್ತಿ. ತುಂಬಾ ಜನ ಒಂದು ಉಪಾಯ ಮಾಡುತ್ತಾರೆ: ವಾರಕ್ಕೊಮ್ಮೆ ಸೆಲ್ಫ್ ಹೊಡೆದು, ಐದು ನಿಮಿಷ ಗುರ್ ಅನ್ನಿಸಿ, ಆಫ್ ಮಾಡಿ, ಕೈ ತೊಳೆದುಕೊಂಡು ಒಳಗೆ ಹೋಗುವುದು. ನಮ್ಮ ಯಜಮಾನರೂ ಇದನ್ನೇ ಮಾಡುತ್ತಿದ್ದರು. ಸುಮ್ನೆ ಪೆಟ್ರೋಲ್ ದಂಡ. ಒಂದು ಸಲ ಸ್ಟಾರ್ಟ್ ಮಾಡಲು ಬ್ಯಾಟರಿಯಿಂದ ಹೋಗುವ ಶಕ್ತಿ ನಿಂತಲ್ಲೇ ಐದು ನಿಮಿಷ ಗುರುಗುಟ್ಟಿದರೆ ವಾಪಸ್ ಬರುವುದಿಲ್ಲ. ಇಂಜಿನ್ ಪೂರ್ತಿ ಬಿಸಿಯಾಗದ ಕಾರಣ ಸೈಲೆನ್ಸರ್ ಒಳಗೆ ನೀರಿನ ಪಸೆ ಕೂತು ತುಕ್ಕು ಹಿಡಿಯುತ್ತದೆ. ಮುಚ್ಚಿದ ಶೆಡ್ಡಿನಲ್ಲಂತೂ ಈ ಕೆಲಸ ಮಾಡಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಜೀವಕ್ಕೇ ಅಪಾಯ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಿ. ಬ್ಯಾಟರಿ, ಬ್ರೇಕು, ಟೈರು, ಎಸಿ ಎಲ್ಲಕ್ಕೂ ಅದೊಂದೇ ಔಷಧಿ.

ಮಗಳ ಮನೆಗೆ ಹೋಗಿ ಎರಡು ತಿಂಗಳು ಕೂರುವವರು ಬ್ಯಾಟರಿಯ ಕಪ್ಪು ವೈರು, ಅಂದರೆ ಮೈನಸ್, ಬಿಚ್ಚಿಟ್ಟು ಹೋಗಿ. ಸಾಮಾನ್ಯವಾಗಿ ಹತ್ತು ನಂಬರ್ ಸ್ಪ್ಯಾನರ್ ಸಾಕು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇದು ಶಾಸ್ತ್ರ ಅಲ್ಲ. ಮೈನಸ್ ಇರುವಾಗಲೇ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಕಾರಿನ ಬಾಡಿಗೆ ತಾಗಿತೋ, ಕಿಡಿ ಹಾರುತ್ತದೆ. ಒಮ್ಮೆ ತಾಗಿಸಿದ್ದೇನೆ. ಆ ಸ್ಪ್ಯಾನರಿನ ತುದಿಯಲ್ಲಿ ಇವತ್ತಿಗೂ ಒಂದು ಕಚ್ಚು ಇದೆ. ಇನ್ನು ಬ್ಯಾಟರಿ ಟರ್ಮಿನಲ್ಲಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಗ್ಯಾರೇಜಿಗೆ ಓಡಬೇಡಿ. ಎರಡೂ ವೈರು ಬಿಚ್ಚಿ, ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹಳೆ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ. ಆ ನೀರು ಬ್ಯಾಟರಿಯ ಮುಚ್ಚಳದ ಒಳಗೆ ಇಳಿಯಬಾರದು, ಕಣ್ಣಿಗೆ ಸಿಡಿಯಬಾರದು. ಒರೆಸಿ ಒಣಗಿಸಿ, ವೈರು ಬಿಗಿ ಮಾಡಿದ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಒಳ್ಳೆ ಬ್ಯಾಟರಿ ಮೂರರಿಂದ ಐದು ವರ್ಷ ಬರುತ್ತದೆ. ನಾಲ್ಕು ವರ್ಷ ದಾಟಿದ್ದರೆ ಮಳೆಗಾಲಕ್ಕೆ ಮುಂಚೆ ಒಂದು ಸಲ ಚೆಕ್ ಮಾಡಿಸಿಬಿಡಿ.

ಪಕ್ಕದ ಮನೆ ಕಾರಿಗೆ ನಮ್ಮ ಗಾಡಿಯಿಂದ ಜಂಪ್ ಕೊಟ್ಟೆವು, ಅಂದರೆ ನಮ್ಮ ಬ್ಯಾಟರಿಯ ಕರೆಂಟು ವೈರಿನಲ್ಲಿ ಅದಕ್ಕೆ ಹಾಯಿಸಿದೆವು. ಎರಡೂ ಪ್ಲಸ್ಸಿಗೆ ಕೆಂಪು ವೈರು, ನಮ್ಮ ಮೈನಸ್ಸಿಗೆ ಕಪ್ಪು, ಕಪ್ಪಿನ ಇನ್ನೊಂದು ತುದಿ ಸತ್ತ ಬ್ಯಾಟರಿಗಲ್ಲ, ಆ ಕಾರಿನ ಇಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ. ಸ್ಟಾರ್ಟ್ ಆಯಿತು. ಹುಡುಗ ಖುಷಿಯಿಂದ ಎಸಿ ಹಾಕಿದ. ಹಾಕಿದ್ದೇ ತಡ ಸತ್ತ ಇಲಿಯಂಥ ವಾಸನೆ. ಇಂಜಿನ್ನೂ ಕೆಮ್ಮುತ್ತಿತ್ತು. ಆಫ್ ಮಾಡಿಸಿ ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ತೆಗೆದೆ. ಒಳಗೆ ಒಂದು ಸಂಸಾರವೇ ಇತ್ತು. ಅಡಿಕೆ ಸಿಪ್ಪೆಯ ನಾರು ಬಿಡಿಬಿಡಿಯಾಗಿ ಸೀಳಿ ಹಾಸಿದ ಹಾಸಿಗೆ, ಅದರ ಮೇಲೆ ಬಾನೆಟ್ಟಿನ ಒಳಮೈಯಿಂದ ಕಿತ್ತ ಹತ್ತಿಯಂಥ ತುಂಡು, ಮೂಲೆಯಲ್ಲಿ ಏಳೆಂಟು ಶೇಂಗಾ ಸಿಪ್ಪೆ. ಫಿಲ್ಟರಿನ ಕಾಗದದ ಒಂದು ಬದಿ ಅಚ್ಚುಕಟ್ಟಾಗಿ ಅರ್ಧಚಂದ್ರದ ಆಕಾರಕ್ಕೆ ತಿಂದಿತ್ತು. ನಮ್ಮ ಕಾಲದ ಬಾಣಂತಿ ಕೋಣೆಯೂ ಅಷ್ಟು ಬೆಚ್ಚಗೆ ಇರಲಿಲ್ಲ! ಎಸಿಯ ಕ್ಯಾಬಿನ್ ಫಿಲ್ಟರಿನಲ್ಲಿ ಏನಿತ್ತು ಅಂತ ಬರೆಯುವುದಿಲ್ಲ, ಊಟದ ಹೊತ್ತಿಗೆ ಯಾರಾದರೂ ಓದುತ್ತಿದ್ದೀರೇನೋ.

ಇಲಿಗೆ ಜನ ಹೇಳುವ ಮದ್ದು ನೂರು. ನುಸಿಗುಳಿಗೆ ಕಟ್ಟಿ ನೋಡಿದೆ, ಕಾರಿನೊಳಗೆ ನಮಗೇ ತಲೆನೋವು ಬಂತು. ಹೊಗೆಸೊಪ್ಪಿನ ಎಲೆ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಸಿಯಾಗುವ ಭಾಗಕ್ಕೂ ಬೆಲ್ಟಿಗೂ ತಾಗದ ಹಾಗೆ ಬಾನೆಟ್ ಒಳಗೆ ನೇತುಹಾಕಿದ್ದು ಸ್ವಲ್ಪ ದಿನ ಕೆಲಸ ಮಾಡಿತು. ವಾಸನೆ ಹೋದ ಮೇಲೆ ಬದಲಾಯಿಸಬೇಕು. ನಿಜವಾಗಿ ಫಲ ಕೊಟ್ಟದ್ದು ಎರಡೇ. ಕಾರು ನಿಲ್ಲಿಸುವ ಜಾಗದಲ್ಲಿ ಅಕ್ಕಿ ಮೂಟೆ, ಹಿಂಡಿ, ನಾಯಿ ಅನ್ನ ಇಡುವುದನ್ನು ನಿಲ್ಲಿಸಿದ್ದು, ರಾತ್ರಿ ಬಾನೆಟ್ ಎತ್ತಿಟ್ಟು ಮಲಗಿದ್ದು. ಇಲಿಗೆ ಕತ್ತಲು, ಬೆಚ್ಚನೆ ಜಾಗ ಬೇಕು. ತೆರೆದಿಟ್ಟರೆ ಅದಕ್ಕೆ ನೆಮ್ಮದಿ ಇಲ್ಲ. ಮಳೆ ಎರಚದ ಜಾಗ ಇದ್ದವರು ಇದನ್ನು ಮಾಡಿ ನೋಡಿ. ಬಾನೆಟ್ ಲೈಟ್ ಇರುವ ಗಾಡಿಯಾದರೆ ಮಾತ್ರ ಬೇಡ, ಬ್ಯಾಟರಿ ಇಳಿಯುತ್ತದೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ಬಿಟ್ಟರೆ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಗೇರು ಹಾಕಿ ಕ್ಲಚ್ ಬಿಟ್ಟರೆ ಕಾರಿನ ಹಿಂಭಾಗ ಕುಸಿದು ಕೂರುತ್ತದೆ, ಮುಂದೆ ಹೋಗುವುದಿಲ್ಲ. ನಮ್ಮದು ಹೀಗೇ ಆಗಿ, ಮೆಕ್ಯಾನಿಕ್ ಬಂದು ಡ್ರಮ್ ಮೇಲೆ ಸುತ್ತಿಗೆಯಲ್ಲಿ ತಟ್ಟಿ ಬಿಡಿಸಿದ. ಅಂದಿನಿಂದ ಮನೆಯ ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕುವುದಿಲ್ಲ. ಮೊದಲನೇ ಗೇರಿನಲ್ಲಿಟ್ಟು, ಚಕ್ರದ ಹಿಂದೊಂದು ಮುಂದೊಂದು ಇಟ್ಟಿಗೆ ಕೊಡುತ್ತೇನೆ. ತೆಗೆಯುವಾಗ ಇಟ್ಟಿಗೆ ಮರೆಯದಿರಲಿ ಅಂತ ಕೀ ಗೊಂಚಲಿಗೆ ಒಂದು ಕೆಂಪು ದಾರ ಕಟ್ಟಿದ್ದೇನೆ.

ಪ್ಲಾಸ್ಟಿಕ್ ಕವರ್ ಹೊದಿಸಿ ಕಾರನ್ನು ಕಾಪಾಡಿದೆ ಅಂದುಕೊಳ್ಳುವವರನ್ನು ಕಂಡರೆ ನನಗೆ ಪಾಪ ಅನಿಸುತ್ತದೆ. ಆಷಾಢದಲ್ಲಿ ಹೊದಿಸಿ ಶ್ರಾವಣದಲ್ಲಿ ತೆಗೆದು ನೋಡಿ. ಸ್ಟೇರಿಂಗ್, ಸೀಟ್ ಬೆಲ್ಟು, ಗೇರಿನ ಗುಂಡು ಎಲ್ಲಕ್ಕೂ ಬಿಳಿ ಬೂಷ್ಟು. ಮೇಲೆ ಚಾವಣಿ ಇದ್ದರೆ ಕವರ್ ಬೇಕಾಗಿಯೇ ಇಲ್ಲ. ಬಿಸಿಲು ಬಂದ ದಿನ ನಾಲ್ಕೂ ಬಾಗಿಲು ತೆರೆದಿಡಿ. ಬಟ್ಟೆಯ ಮ್ಯಾಟನ್ನು ನಾನು ಬಚ್ಚಲ ಒಲೆಯ ಹತ್ತಿರ ಹರವುತ್ತೇನೆ. ಇದ್ದಿಲಿನ ಗಂಟೊಂದನ್ನು ಸೀಟಿನ ಕೆಳಗಿಟ್ಟರೆ ಮುಗ್ಗಲು ವಾಸನೆ ಎಷ್ಟೋ ಕಮ್ಮಿ.

ಮ್ಯಾಟ್ ಎತ್ತಿದಾಗ ನೆಲ ಒದ್ದೆ ಇದ್ದರೆ ಬಾಗಿಲು ಸೋರುತ್ತಿದೆ ಅಂತ ತಕ್ಷಣ ತೀರ್ಮಾನ ಮಾಡಬೇಡಿ. ವೈಪರ್ ಬುಡದಲ್ಲಿ ಕಪ್ಪು ಜಾಲರಿ ಇದೆಯಲ್ಲ, ಗಾಜಿನ ಮೇಲೆ ಬಿದ್ದ ಮಳೆನೀರು ಅದರೊಳಗೆ ಇಳಿದು ಬದಿಯ ತೂತಿನಿಂದ ಹೊರಗೆ ಹೋಗುತ್ತದೆ. ಮರದ ಕೆಳಗೆ ನಿಲ್ಲಿಸುವ ಗಾಡಿಯಲ್ಲಿ ಆ ತೂತು ಎಲೆ ಕೊಳೆತು ಮುಚ್ಚಿಹೋಗುತ್ತದೆ. ನೀರು ಹೋಗಲು ದಾರಿ ಕಾಣದೆ ಒಳಗೆ ಬರುತ್ತದೆ. ನಮ್ಮದರಲ್ಲಿ ಹೊಂಗೆ ಎಲೆ, ಮಣ್ಣು ಸೇರಿ ಗೊಬ್ಬರವೇ ಆಗಿತ್ತು, ಒಂದು ಸಣ್ಣ ಗಿಡವೂ ಮೊಳೆತಿತ್ತು. ಬೆರಳಲ್ಲೇ ತೆಗೆದೆ, ಖರ್ಚು ಸೊನ್ನೆ. ಬಾಗಿಲುಗಳ ತಳದಲ್ಲೂ ಇಂಥ ಸಣ್ಣ ತೂತುಗಳಿವೆ. ಊದುಬತ್ತಿ ಕಡ್ಡಿ ಹಾಕಿ ಬಿಡಿಸಿ, ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಶುರು.

ಟೈರು ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎಷ್ಟು ಗಾಳಿ ಅಂತ ಡ್ರೈವರ್ ಬಾಗಿಲಿನ ಕಂಬದ ಹತ್ತಿರ ಚೀಟಿ ಅಂಟಿಸಿರುತ್ತಾರೆ. ಪಂಚರ್ ಅಂಗಡಿಯವನನ್ನು ಕೇಳುವ ಬದಲು ಅದನ್ನು ನೋಡಿ. ಟೈರು ತಣ್ಣಗಿದ್ದಾಗ ಹಿಡಿಸಿ. ಸ್ಟೆಪ್ನಿಗೂ ಹಿಡಿಸಿ. ಕಡಿಮೆ ಓಡುವವರ ಟೈರು ಸವೆಯುವುದಿಲ್ಲ, ವಯಸ್ಸಾಗುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಹಲ್ಲು ಚೆನ್ನಾಗಿದ್ದರೂ ಬದಿಯಲ್ಲಿ ಬಿರುಕು ಕಂಡರೆ ಬದಲಾಯಿಸಿ. ಜಿಪುಣತನಕ್ಕೆ ಬೇರೆ ಜಾಗ ಇದೆ.

ಆ ಬೇರೆ ಜಾಗ ಯಾವುದು ಅಂದರೆ ಗ್ಯಾರೇಜಿನ ಬಿಲ್ಲು. ಒಮ್ಮೆ ವೈಪರ್ ನಿಂತಿತು. ಒಂದು ಗ್ಯಾರೇಜಿನಲ್ಲಿ ಮೋಟರ್ ಹೋಗಿದೆ, ಬದಲಾಯಿಸಬೇಕು ಅಂದರು. ಬೆಲೆ ಕೇಳಿ ಮನೆಗೆ ಬಂದೆ. ಕಾರಿನ ಜೊತೆ ಕೊಟ್ಟ ಪುಸ್ತಕ ತೆಗೆದು ಫ್ಯೂಸ್ ಡಬ್ಬಿ ಎಲ್ಲಿದೆ ಅಂತ ನೋಡಿದೆ. ವೈಪರಿನ ಫ್ಯೂಸಿನ ಒಳಗಿನ ತಂತಿ ಸುಟ್ಟಿತ್ತು. ಅದೇ ನಂಬರಿನ ಹೊಸದು ಹಾಕಿದೆ, ವೈಪರ್ ಓಡಿತು. ದೊಡ್ಡ ನಂಬರಿನದು ಹಾಕಬೇಡಿ, ವೈರೇ ಸುಡುತ್ತದೆ. ಅಂದಿನಿಂದ ನನ್ನದೊಂದು ಪದ್ಧತಿ: ಯಾವ ಭಾಗ ಬದಲಾಯಿಸಿದರೂ ಹಳೆಯದನ್ನು ಕೈಗೆ ಕೊಡಿ ಅಂತ ಮೊದಲೇ ಹೇಳುತ್ತೇನೆ. ಅದನ್ನು ತಂದು ಏನು ಮಾಡ್ತೀರಿ ಅಂತ ಕೇಳುತ್ತಾರೆ. ಗುಜರಿಗೆ ಹಾಕ್ತೇನೆ ಅನ್ನುತ್ತೇನೆ. ಇಷ್ಟಕ್ಕೇ ಬಿಲ್ಲು ಇಳಿಯುತ್ತದೆ, ನಂಬಿ. ಆದರೆ ಇಂಜಿನ್ ಆಯಿಲ್ ವಿಷಯದಲ್ಲಿ ಚೌಕಾಸಿ ಬೇಡ. ಹತ್ತು ಸಾವಿರ ಕಿಲೋಮೀಟರ್ ಆಗಿಲ್ಲವಲ್ಲ ಅಂತ ಮೂರು ವರ್ಷ ಹಳೆ ಆಯಿಲ್ಲಿನಲ್ಲೇ ಓಡಿಸುವವರಿದ್ದಾರೆ. ಪುಸ್ತಕದಲ್ಲಿ "ಅಥವಾ ಒಂದು ವರ್ಷ, ಯಾವುದು ಮೊದಲೋ ಅದು" ಅಂತ ಬರೆದಿರುವುದನ್ನು ಓದುವುದೇ ಇಲ್ಲ. ನಿಂತ ಕಾರಿನ ಆಯಿಲ್ಲೂ ಹಳಸುತ್ತದೆ.

ಹಾಗೇ ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇ. 20ರಷ್ಟು ಎಥೆನಾಲ್. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಳೆ ಗಾಡಿಯ ರಬ್ಬರ್ ಪೈಪಿಗೂ ಅದು ಅಷ್ಟು ಹಿಡಿಸುವುದಿಲ್ಲ. ಕಾರಿನ ಹತ್ತಿರ ಪೆಟ್ರೋಲ್ ವಾಸನೆ ಬಂದರೆ ನಾಳೆ ನೋಡೋಣ ಅನ್ನಬೇಡಿ. ನಮ್ಮದರಲ್ಲಿ ಒಂದು ಪೈಪು ಬೆರಳಲ್ಲಿ ಮಡಚಿದರೆ ಸೀಳು ಕಾಣುತ್ತಿತ್ತು. ಅವತ್ತೇ ಬದಲಾಯಿಸಿದೆವು.

ಕಾಗದಪತ್ರವೂ ನಿಂತ ಕಾರಿನಲ್ಲೇ ಹಳೆಯದಾಗುವುದು. ಹೊರಗೇ ತೆಗೆಯಲ್ಲವಲ್ಲ, ಇನ್ಶೂರೆನ್ಸ್ ಯಾಕೆ ಅಂತ ಬಿಟ್ಟುಬಿಡುತ್ತಾರೆ. ಮುಗಿದು 90 ದಿನ ದಾಟಿದರೆ ಇಷ್ಟು ವರ್ಷ ಕ್ಲೇಮ್ ಮಾಡದೆ ಕೂಡಿಸಿದ ನೋ ಕ್ಲೇಮ್ ಬೋನಸ್, ಅಂದರೆ ನಮ್ಮ ಗಾಡಿಯ ಹಾನಿಗೆ ಕಟ್ಟುವ ಕಂತಿನಲ್ಲಿ ಸಿಗುವ ರಿಯಾಯಿತಿ, ಪೂರ್ತಿ ಹೋಗುತ್ತದೆ. ಐದು ವರ್ಷ ಕಾದವರಿಗೆ ಅದು ಶೇ. 50. ಆರ್‌ಸಿಗೆ, ಅಂದರೆ ಗಾಡಿಯ ನೋಂದಣಿ ಪತ್ರಕ್ಕೆ, 15 ವರ್ಷದ ಆಯಸ್ಸು. ನಮ್ಮದನ್ನು 2024ರಲ್ಲಿ ಗಾಡಿ ತೋರಿಸಿ, ಐದು ಸಾವಿರ ಕಟ್ಟಿ, ಇನ್ನೈದು ವರ್ಷಕ್ಕೆ ಮಾಡಿಸಿಕೊಂಡೆವು. ಹಳೆ ಕಾರು ಮಾರಿಬಿಡಿ ಅಂತ ಮಗ ಹೇಳುತ್ತಲೇ ಇದ್ದ. ಅವತ್ತು ಆರ್‌ಟಿಓ ಆಫೀಸಿನಲ್ಲಿ ಒಂದೇ ಸಲ ಸೆಲ್ಫ್ ಹೊಡೆದದ್ದಕ್ಕೇ ಸ್ಟಾರ್ಟ್ ಆದದ್ದನ್ನು ಅವನಿಗೆ ವಿಡಿಯೋ ಮಾಡಿ ಕಳಿಸಿದೆ.

ಭಾನುವಾರ ಬೆಳಿಗ್ಗೆ ನಾನೂ ಯಜಮಾನರೂ ತಾಳಗುಪ್ಪದ ತನಕ ಹೋಗಿ, ಕಾಫಿ ಕುಡಿದು ಬರುತ್ತೇವೆ. ಇಕ್ಕೇರಿಗೆ ಹೋಗೋಣ ಅಂತ ಅವರ ಆಸೆ. ದೇವಸ್ಥಾನ ಚೆಂದವೇ, ಆದರೆ ಇಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಊರು ಬಂದುಬಿಡುತ್ತದೆ. ಪಕ್ಕದ ಮನೆ ಹುಡುಗ ಬೆಂಗಳೂರಿಗೆ ವಾಪಸ್ ಹೊರಡುವಾಗ ಅವರ ಕಾರಿನ ಕೀಯನ್ನೂ ನನ್ನ ಕೈಗೇ ಕೊಟ್ಟು ಹೋಗಿದ್ದಾನೆ, "ಟೀಚರೇ, ವಾರಕ್ಕೊಮ್ಮೆ ನೀವೇ ಓಡಿಸಿ" ಅಂತ. ಹಾಗಾಗಿ ಈಗ ಭಾನುವಾರ ತಾಳಗುಪ್ಪಕ್ಕೆ ನಮ್ಮದು ಎರಡು ಟ್ರಿಪ್, ಎರಡು ಕಾಫಿ. ಅವನ ಕಾರಿನಲ್ಲಿ ಪೆಟ್ರೋಲ್ ಮುಳ್ಳು ಕೆಂಪಿಗೆ ಬಂದಿದೆ. ಫೋನ್ ಮಾಡಿದಾಗ ಹೇಳಬೇಕು.